ಲಸಿಕೆ ಪುಸ್ತಕದ ಹದಿನೇಳನೇ ಸಾಲು

ಸೆಪ್ಟೆಂಬರ್ 10, ಬುಧವಾರ. ಬೆಳಿಗ್ಗೆ 11.20ಕ್ಕೆ ಪಶುವೈದ್ಯ ಡಾ. ಅನಂತಪದ್ಮನಾಭರು ಕಾಪು ಠಾಣೆಗೆ ಬಂದು ಒಂದು ದೂರು ಕೊಟ್ಟರು. ಅವರ 'ಪ್ರಾಣಿಸಖ' ಚಿಕಿತ್ಸಾಲಯದ ಲಸಿಕೆ ಪುಸ್ತಕ ಕಳವಾಗಿತ್ತು. ನೀಲಿ ರಟ್ಟು, ತೊಂಬತ್ತಾರು ಪುಟ, ಬೆನ್ನಿಗೆ ಬಿಳಿ ಪಟ್ಟಿ. ಜನವರಿಯಿಂದ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿಕೊಂಡ ನಾಯಿಗಳ ವಿವರವೆಲ್ಲ ಅದರಲ್ಲಿತ್ತು.

ಹೆಡ್ ಕಾನ್‌ಸ್ಟೇಬಲ್ ರೇಚಲ್ ದೂರನ್ನು ಓದಿ ತಲೆಯೆತ್ತಿದರು.

"ಪುಸ್ತಕ ಮಾತ್ರ ಹೋದದ್ದಾ ಡಾಕ್ಟ್ರೆ? ಬೇರೆ ಎಂತ ಹೋಗಲಿಲ್ಲವಾ?"

"ಬೇರೆ ಎಂತದೂ ಇಲ್ಲ."

"ಹಾಗಾದರೆ ನಾಯಿಗಳೇ ತೆಗೊಂಡು ಹೋದದ್ದಿರಬೇಕು. ಚುಚ್ಚಿದವರ ಮೇಲೆ ಅವುಗಳಿಗೆ ಸಿಟ್ಟು ಉಂಟಲ್ಲ."

ಡಾಕ್ಟರರು ನಗಲಿಲ್ಲ. ಜೇಬಿನಿಂದ ಇನ್ನೊಂದು ಕಾಗದ ತೆಗೆದು ಮುಂದಿಟ್ಟರು. ಅದು ತಾಲೂಕು ಆರೋಗ್ಯಾಧಿಕಾರಿಯ ಪತ್ರ. ಅದನ್ನು ಓದಿದ ಮೇಲೆ ರೇಚಲ್ ಕೂಡ ನಗಲಿಲ್ಲ. ಎದ್ದು ಇನ್‌ಸ್ಪೆಕ್ಟರ್ ಮುದ್ದಣ್ಣನವರ ಕೋಣೆಗೆ ಹೋದರು.

ಪತ್ರದಲ್ಲಿದ್ದದ್ದು ಇಷ್ಟು. ಶಂಕರಪುರದ ಸುಂದರಿ, ಐವತ್ತೊಂದು ವರ್ಷ, ಮನೆಮನೆಗೆ ಮಲ್ಲಿಗೆ ಹೂ ಕೊಡುವವರು. ಜುಲೈ 24ರಂದು ಬ್ರೂನೋ ಎಂಬ ಸಾಕುನಾಯಿ ಅವರ ಕಾಲಿಗೆ ಕಚ್ಚಿತ್ತು. ನಾಯಿಗೆ ಜೂನ್ 12ರಂದು 'ಪ್ರಾಣಿಸಖ'ದಲ್ಲಿ ಲಸಿಕೆ ಆಗಿದೆ ಎಂಬ ಸರ್ಟಿಫಿಕೇಟು ಇದ್ದುದರಿಂದ ಅವರು ಚುಚ್ಚುಮದ್ದು ತೆಗೆದುಕೊಳ್ಳಲಿಲ್ಲ. ಈಗ ರೋಗದ ಲಕ್ಷಣ ಕಾಣಿಸಿಕೊಂಡು ಮಣಿಪಾಲದ ಆಸ್ಪತ್ರೆಯಲ್ಲಿದ್ದಾರೆ. ಆ ಲಸಿಕೆಯ ಬ್ಯಾಚ್ ನಂಬರನ್ನೂ ಅದೇ ಬ್ಯಾಚಿನ ಲಸಿಕೆ ಪಡೆದ ಎಲ್ಲ ಪ್ರಾಣಿಗಳ ವಿಳಾಸವನ್ನೂ ತಕ್ಷಣ ಒದಗಿಸಬೇಕು.

ಮುದ್ದಣ್ಣ ಕಾರ್ಕಳ ಕಡೆಯವರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಡಾಕ್ಟರರನ್ನು ಎದುರಿಗೆ ಕೂರಿಸಿಕೊಂಡರು.

"ಬ್ರೂನೋಗೆ ನೀವೇ ಚುಚ್ಚಿದ್ದಾ?"

"ಚುಚ್ಚಿರಬೇಕು. ಸರ್ಟಿಫಿಕೇಟಿನಲ್ಲಿ ನನ್ನ ಸಹಿ ಉಂಟು."

"ಚುಚ್ಚಿದ ನಾಯಿಗೆ ಈ ರೋಗ ಬರ್ತದಾ?"

"ಬರಬಾರದು."

"ಬಂದಿದೆಯಲ್ಲ?"

"ಅದಕ್ಕೇ ಪುಸ್ತಕ ಬೇಕಾದದ್ದು." ಡಾಕ್ಟರರ ಸ್ವರ ತಗ್ಗಿತು. "ಔಷಧಿಯೇ ಕೆಟ್ಟಿದ್ದರೆ ಬ್ರೂನೋ ಒಬ್ಬನದ್ದಲ್ಲ ಕತೆ. ಅದೇ ಔಷಧಿ ಇನ್ನೆಷ್ಟು ನಾಯಿಗಳಿಗೆ ಹೋಗಿದೆಯೋ. ಅವುಗಳನ್ನು ಯಾರೂ ಕಟ್ಟಿ ಹಾಕಿಲ್ಲ. ಕಚ್ಚಿಸಿಕೊಂಡವರು ಚುಚ್ಚಿಸಿಕೊಳ್ಳುವುದೂ ಇಲ್ಲ. ಎಲ್ಲರ ಮನೆಯಲ್ಲಿ ನನ್ನ ಸಹಿ ಇದೆಯಲ್ಲ."

ಮಧ್ಯಾಹ್ನ 12.05ಕ್ಕೆ ಕಳವಿನ ಎಫ್‌ಐಆರ್ ದಾಖಲಾಯಿತು. ಡಾಕ್ಟರರು ಎದ್ದು ಹೊರಡುವಾಗ ಮುದ್ದಣ್ಣ ದೂರನ್ನು ಇನ್ನೊಮ್ಮೆ ಓದಿದರು. ಚೆನ್ನಾಗಿ ಟೈಪ್ ಮಾಡಿದ ಕಾಗದ. ಪುಸ್ತಕದ ಬಣ್ಣ, ಪುಟ, ಇಟ್ಟಿದ್ದ ಕಪಾಟು, ಕೀಲಿಕೈಯ ಜಾಗ, ಎಲ್ಲ ಬರೆದಿತ್ತು. ಕೊನೆಯ ಬಾರಿ ಅದನ್ನು ನೋಡಿದ್ದು ಯಾವಾಗ ಎಂಬ ಒಂದು ಸಾಲು ಮಾತ್ರ ಇರಲಿಲ್ಲ.

"ಇದನ್ನು ಬರೆದದ್ದು ಯಾರು?"

"ನಮ್ಮ ಮ್ಯಾನೇಜರ್ ಸುಗಂಧಿ. ಕಾಗದಪತ್ರ ಎಲ್ಲ ಅವರದ್ದೇ. ನಾನು ಸಹಿ ಹಾಕುವುದು."

*

ಅದೇ ದಿನ ಮಧ್ಯಾಹ್ನ 1.15. ಪಕ್ಕದ ಟೈಲರ್ ಅಂಗಡಿಯವರನ್ನೂ ಎದುರಿನ ಮೆಡಿಕಲ್‌ನವರನ್ನೂ ಪಂಚರಾಗಿ ಕರೆದು ಚಿಕಿತ್ಸಾಲಯದಲ್ಲಿ ಪಂಚನಾಮೆ ನಡೆಯಿತು. ಕಪಾಟು ಒಡೆದಿರಲಿಲ್ಲ. ಕೀಲಿಕೈ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲೇ ಇತ್ತು. ಹೊರಗೆ ಬೆಂಚಿನಲ್ಲಿ ಒಂದು ಮುದಿ ಲ್ಯಾಬ್ರಡಾರ್ ರೇಚಲ್ ಅವರ ಬೂಟನ್ನು ಮೂಸುತ್ತಿತ್ತು. ರೇಚಲ್ ಗೋಡೆಗೆ ಒತ್ತಿಕೊಂಡು ನಿಂತು, ಅಲ್ಲಿಂದಲೇ ಪಂಚನಾಮೆ ಬರೆದರು.

ಸುಗಂಧಿಗೆ ನಲವತ್ತನಾಲ್ಕು. ಉಚ್ಚಿಲದ ಮೀನುಗಾರರ ಮನೆಯವರು. ಹದಿನಾಲ್ಕು ವರ್ಷದಿಂದ ಇಲ್ಲಿದ್ದಾರೆ. ಯಾವ ನಾಯಿ ಎಷ್ಟು ಗಂಟೆಗೆ ಬರಬೇಕು, ಆಪರೇಷನ್ನಿಗೆ ಯಾರ ಒಪ್ಪಿಗೆ ಸಹಿ ಬಾಕಿ ಇದೆ, ಕತ್ತರಿ ಚಿಮುಟ ಕುದಿಸಿದ್ದು ಎಷ್ಟು ಹೊತ್ತಿಗೆ, ಭಾನುವಾರದ ಹಿರಿಯಡ್ಕ ಶಾಖೆಗೆ ಯಾವ ಔಷಧಿ ಹೋಗಬೇಕು, ಸತ್ತ ಬೆಕ್ಕಿನ ಮನೆಯವರಿಗೆ ಯಾವಾಗ ಫೋನು ಮಾಡಬಾರದು, ಇದೆಲ್ಲ ಅವರ ತಲೆಯಲ್ಲೂ ಇತ್ತು, ಫೈಲಿನಲ್ಲೂ ಇತ್ತು. ಡಾಕ್ಟರರನ್ನು ಏನು ಕೇಳಿದರೂ ಉತ್ತರ ಒಂದೇ: "ಸುಗಂಧಿಯನ್ನು ಕೇಳಿ." ಸುಗಂಧಿಯನ್ನು ಕೇಳಿದರೆ ಉತ್ತರದ ಜೊತೆ ಕಾಗದವೂ ಬರುತ್ತಿತ್ತು.

"ಮೇ, ಜೂನ್‌ನಲ್ಲಿ ಲಸಿಕೆ ಯಾವಾಗ ಬಂದದ್ದು?"

"ಮೇ 16. ಐವತ್ತು ಡೋಸು. ಮುಗಿದದ್ದು ಜೂನ್ 25."

"ಇಟ್ಟದ್ದು ಎಲ್ಲಿ?"

"ಫ್ರಿಜ್ಜಿನಲ್ಲಿ. ಬೆಳಿಗ್ಗೆ ಸಂಜೆ ಉಷ್ಣತೆ ಬರೆಯುತ್ತೇವೆ. ಇದು ಚಾರ್ಟು ಸರ್."

"ಪುಸ್ತಕವನ್ನು ಕೊನೆಗೆ ನೋಡಿದ್ದು?"

ಸುಗಂಧಿ ಮೇಜಿನ ಮೇಲಿದ್ದ ಫೈಲನ್ನು ಅಂಚಿಗೆ ಸರಿಯಾಗಿ ಇಟ್ಟರು.

"ಜುಲೈ ಕೊನೆಗೆ ಇರಬೇಕು ಸರ್."

ಅಷ್ಟು ಹೊತ್ತಿನಲ್ಲಿ ಅವರ ಬಾಯಿಯಿಂದ ಬಂದ ಮೊದಲ 'ಇರಬೇಕು' ಅದು. ಮುದ್ದಣ್ಣ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಆದರೆ ಜೀಪು ಹತ್ತುವಾಗ ಅವರ ಸಂಶಯವೆಲ್ಲ ಡಾಕ್ಟರರ ಮೇಲೇ ಇತ್ತು.

"ಅಡಗಿಸಿದವರೇ ಬಂದು ದೂರು ಕೊಡ್ತಾರಾ ಸರ್?" ಎಂದು ರೇಚಲ್ ಕೇಳಿದರು.

"ಪುಸ್ತಕ ಸಿಕ್ಕಿದರೆ ಸಿಕ್ಕಿಬೀಳುವುದು ಯಾರ ಸಹಿ?"

*

ಸೆಪ್ಟೆಂಬರ್ 11, ಗುರುವಾರ, ಬೆಳಿಗ್ಗೆ 9.30. ಸುಂದರಿಯ ಹೇಳಿಕೆ ಪಡೆಯಲು ಇಬ್ಬರೂ ಮಣಿಪಾಲಕ್ಕೆ ಹೋದರು. ಕೋಣೆಯ ಹೊರಗೆ ಡ್ಯೂಟಿ ಡಾಕ್ಟರ್ ನಿಲ್ಲಿಸಿ, "ಈಗ ಮಾತಾಡುತ್ತಾರೆ. ನಾಳೆ ಗೊತ್ತಿಲ್ಲ," ಎಂದರು.

"ಎಂತ ಮಾಡ್ಲಿಕ್ಕೆ ಆಗ್ತದೆ?"

"ಲಕ್ಷಣ ಶುರುವಾದ ಮೇಲೆ ನಮ್ಮ ಕೈಯಲ್ಲಿ ಎಂತದೂ ಇಲ್ಲ. ನೋವು ಗೊತ್ತಾಗದ ಹಾಗೆ ನೋಡಿಕೊಳ್ಳುವುದು. ಕಚ್ಚಿದ ವಾರದೊಳಗೆ ಬಂದಿದ್ದರೆ ತೋಳಿಗೆ ಚುಚ್ಚಿ ಬಸ್ಸಿನಲ್ಲಿ ಮನೆಗೆ ಕಳಿಸುತ್ತಿದ್ದೆವು."

"ತಿಂಗಳು ಕಳೆದು ಬಂದಿದ್ದರೆ?"

"ಆಗಲೂ ಚುಚ್ಚುತ್ತಿದ್ದೆವು. ಲಕ್ಷಣ ಬರುವ ಮೊದಲು ಯಾವ ದಿನ ಬಂದರೂ ಒಂದು ದಾರಿ ಉಂಟು."

ಒಳಗೆ ಫ್ಯಾನು ಹಾಕಿರಲಿಲ್ಲ. ಗಾಳಿ ಮುಖಕ್ಕೆ ಬಡಿದರೂ, ನೀರು ಕಂಡರೂ ಸುಂದರಿಗೆ ಗಂಟಲು ಹಿಡಿಯುತ್ತಿತ್ತು. ಮಗಳು ವಿಜೇತಾ ನೀರಿನ ಬಾಟಲಿಯನ್ನು ತಾಯಿಗೆ ಕಾಣದ ಹಾಗೆ ಮಂಚದ ಕೆಳಗೆ ಇಟ್ಟಿದ್ದಳು. ಸುಂದರಿಗೆ ಪ್ರಜ್ಞೆ ಚೆನ್ನಾಗಿತ್ತು. ಅದನ್ನು ನೋಡುವುದೇ ಕಷ್ಟವಾಗಿತ್ತು.

"ಎಷ್ಟು ಗಂಟೆಗೆ ಕಚ್ಚಿದ್ದು ಅಮ್ಮ?"

"ಹನ್ನೊಂದಕ್ಕೆ. ಆ ಓಣಿಯಲ್ಲಿ ನಾನು ದಿನಾ ಹನ್ನೊಂದಕ್ಕೇ ಹೋಗುವುದು."

"ನಾಯಿ ಯಾರದ್ದು?"

"ರಾಯ್‌ಸ್ಟನ್‌ನದ್ದು. ಹಡಗಿನಲ್ಲಿ ಅಡುಗೆ ಮಾಡ್ತಾನೆ. ಪಾಪದ ಹುಡುಗ ಸರ್. ಓಡಿ ಬಂದು ಸೋಪು ಹಾಕಿ ಕಾಲು ತೊಳೆದ. ಇಂಜೆಕ್ಷನ್ ಆಗಿದೆ ಅಕ್ಕ, ಹೆದರಬೇಡಿ ಅಂತ ಕಾಗದ ತೋರಿಸಿದ. ಇವಳು ಫೋಟೋ ತೆಗೆದಿದ್ದಾಳೆ."

ವಿಜೇತಾ ಮೊಬೈಲ್ ಚಾಚಿದಳು. ಸರ್ಟಿಫಿಕೇಟು ಸ್ಪಷ್ಟವಾಗಿತ್ತು. ಸಹಿ, ಮೊಹರು, ದಿನಾಂಕ, ಎಲ್ಲ.

"ಇಂಜೆಕ್ಷನ್ ಆದ ನಾಯಿ ಅಲ್ವಾ ಸರ್?" ಸುಂದರಿ ಕೇಳಿದರು. "ಹಾಗಾದರೆ ನನಗೆ ಆಗಿದ್ದು ಎಂತ? ಇವರು ಯಾರೂ ಸರಿಯಾಗಿ ಹೇಳುವುದಿಲ್ಲ."

ಮುದ್ದಣ್ಣ ಮೊಬೈಲನ್ನು ವಿಜೇತಾಳಿಗೆ ವಾಪಸು ಕೊಟ್ಟರು. ರೇಚಲ್ ಹೇಳಿಕೆಯ ಕಾಗದವನ್ನು ನಿಧಾನವಾಗಿ ಮಡಚಿದರು.

"ಮೊಗ್ಗು ಕೊಯ್ದಿಯಾ?" ಸುಂದರಿ ಮಗಳ ಕಡೆ ತಿರುಗಿದರು. "ಬಿಟ್ಟರೆ ಗಿಡದಲ್ಲೇ ಅರಳ್ತದೆ."

"ಕೊಯ್ದಿದ್ದೇನೆ ಅಮ್ಮ."

ಅವಳು ನಾಲ್ಕು ದಿನದಿಂದ ಆ ಕೋಣೆ ಬಿಟ್ಟು ಹೋಗಿರಲಿಲ್ಲ.

*

ರಾಯ್‌ಸ್ಟನ್‌ನ ಮನೆ ಓಣಿಯ ತುದಿಯಲ್ಲಿತ್ತು. ಗೇಟಿಗೆ ಬೀಗ. ಆಗಸ್ಟ್ 5ರಂದು ಹಡಗಿಗೆ ಹೋಗಿದ್ದಾನೆಂದು ತಿಳಿಯಿತು. ಮಂಗಳೂರಿನ ಏಜೆನ್ಸಿಯ ಮೂಲಕ ಹೇಳಿ ಕಳಿಸಿದ್ದಕ್ಕೆ ಮಧ್ಯಾಹ್ನ 3.10ಕ್ಕೆ ಅವನೇ ಯಾವುದೋ ಬಂದರಿನಿಂದ ಠಾಣೆಗೆ ಫೋನು ಮಾಡಿದ. ಬ್ರೂನೋ ಜುಲೈ 31ಕ್ಕೆ ಸತ್ತಿತ್ತು. ಜೊಲ್ಲು ಸುರಿಸುತ್ತಿತ್ತು. ಹಾವು ಕಚ್ಚಿರಬೇಕೆಂದು ತಿಳಿದು ಹಿತ್ತಲಲ್ಲಿ ಹೂತಿದ್ದ.

"ಯಾರಿಗೂ ಹೇಳಲಿಲ್ಲವಾ?"

"ಕ್ಲಿನಿಕ್ಕಿಗೆ ಹೇಳಿದ್ದೆ ಸರ್, ಆಗಸ್ಟ್ ಎರಡಕ್ಕೆ. ಇನ್ನು ಬ್ರೂನೋ ಹೆಸರಿನಲ್ಲಿ ಮೆಸೇಜು ಕಳಿಸಬೇಡಿ ಅಂತ. ಸುಗಂಧಿ ಅಕ್ಕ ಫೋನು ತೆಗೆದದ್ದು. ಅವರಿಗೂ ಬೇಜಾರಾಯ್ತು."

"ಸುಂದರಿಗೆ ಕಚ್ಚಿದ್ದು ಹೇಳಿದ್ದೀಯಾ?"

"ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಂಜೆಕ್ಷನ್ ಆಗಿತ್ತಲ್ಲ ಸರ್. ಹೂವಿನ ಅಕ್ಕನಿಗೆ ಈಗ ಹೇಗುಂಟು?"

"ಆಸ್ಪತ್ರೆಯಲ್ಲಿದ್ದಾರೆ," ಎಂದರು ಮುದ್ದಣ್ಣ.

ಸಂಜೆ 5 ಗಂಟೆಗೆ ರೇಚಲ್ ಫ್ರಿಜ್ಜಿನ ಚಾರ್ಟುಗಳನ್ನು ಹರಡಿಕೊಂಡು ಕುಳಿತಿದ್ದರು. ದಿನಕ್ಕೆರಡು ಸಲ, ಅಂದವಾದ ಅಕ್ಷರದಲ್ಲಿ, ನಾಲ್ಕು ಡಿಗ್ರಿ, ಐದು ಡಿಗ್ರಿ, ನಾಲ್ಕು ಡಿಗ್ರಿ. ಮೇ 20ರಲ್ಲಿ ಅವರ ಬೆರಳು ನಿಂತಿತು.

"ಸರ್, ಮೇ 20 ಮಂಗಳವಾರ ನೆನಪುಂಟಾ? ಬೆಳಿಗ್ಗೆಯಿಂದ ಸಂಜೆ ತನಕ ಕರೆಂಟು ತೆಗೆದಿದ್ದರು, ಲೈನ್ ಮೇಲಿನ ಮರದ ಕೊಂಬೆ ಕಡಿಯಲಿಕ್ಕೆ. ನಮ್ಮ ಜನರೇಟರೂ ಕೈಕೊಟ್ಟಿತ್ತು. ಉಳಿಯಾರಗೋಳಿಯ ಬೈಕ್ ಕಳವಿನ ದೂರು ನಾನು ಕೈಯಲ್ಲೇ ಬರೆದದ್ದು."

ಠಾಣಾ ಡೈರಿ ತೆಗೆದು ನೋಡಿದರು. ಮಾತು ನಿಜ. ಚಾರ್ಟಿನಲ್ಲಿ ಮೇ 20ರ ಎದುರು ಬೆಳಿಗ್ಗೆ ನಾಲ್ಕು ಡಿಗ್ರಿ, ಸಂಜೆ ನಾಲ್ಕು ಡಿಗ್ರಿ.

"ಇಡೀ ದಿನ ಸತ್ತಿದ್ದ ಫ್ರಿಜ್ಜು ಸಂಜೆಗೆ ನಾಲ್ಕು ಡಿಗ್ರಿ ತೋರಿಸಿತಾ?" ಎಂದರು ಮುದ್ದಣ್ಣ. "ಇದು ಯಾರ ಅಕ್ಷರ?"

ದೂರಿನ ಕೆಳಗೆ ಕೈಯಲ್ಲಿ ಬರೆದಿದ್ದ ವಿಳಾಸ, ಚಾರ್ಟಿನ ಅಂಕೆ, ಎರಡೂ ಒಂದೇ ಕೈಯದ್ದು.

*

ಸೆಪ್ಟೆಂಬರ್ 12, ಶುಕ್ರವಾರ, ಬೆಳಿಗ್ಗೆ 8.30. ಪುಸ್ತಕವಿಲ್ಲದೆ ನಾಯಿಗಳನ್ನು ಹುಡುಕುವ ಕೆಲಸ ಶುರುವಾಯಿತು. ಚಿಕಿತ್ಸಾಲಯದ ರಿಸೆಪ್ಷನಿಸ್ಟ್ ಲವಿಟಾಳ ಬಳಿ ದಿನದ ಭೇಟಿಗಳನ್ನು ಬರೆಯುವ ಡೈರಿಯೊಂದಿತ್ತು. ಅದರಲ್ಲಿ ಹೆಸರು, ಊರು, ಫೋನು ಇದ್ದವು. ಬಂದದ್ದು ಲಸಿಕೆಗೋ ತುರಿಕೆಗೋ ಎಂಬುದು ಇರಲಿಲ್ಲ. ಮುನ್ನೂರಕ್ಕೂ ಹೆಚ್ಚು ಹೆಸರು. ಲಸಿಕೆಗೆ ಬಂದದ್ದೆಂದು ನೆನಪಿದ್ದ ಕೆಲವನ್ನು ಲವಿಟಾ ಗುರುತು ಮಾಡಿಕೊಟ್ಟಳು.

ಮೊದಲು ಹೋದದ್ದು ಉಚ್ಚಿಲದ ಒಂದು ಮನೆಗೆ. ಅಂಗಳದಲ್ಲಿ ಕಂದು ನಾಯಿಯೊಂದು ಬೊಗಳಿ ಸುಸ್ತಾಗಿ ಮಲಗಿತು. ರೇಚಲ್ ಜೀಪಿನಿಂದ ಇಳಿಯಲೇ ಇಲ್ಲ. ಮನೆಯಾಕೆ ಸೊಂಟಕ್ಕೆ ಕೈಯಿಟ್ಟು ಬಂದರು.

"ಪುನಃ ಚುಚ್ಚುದಾ? ಎಂತ ಮಾರಾಯ್ರೆ, ನಾಯಿಯನ್ನು ಜರಡಿ ಮಾಡ್ತೀರಾ? ಮೊನ್ನೆಯಷ್ಟೆ ನಿಮ್ಮ ಮೇಡಂ ಬಂದು ಹಾಕಿ ಹೋದ್ರಲ್ಲ."

"ಯಾವ ಮೇಡಂ?"

"ಕ್ಲಿನಿಕ್ಕಿನ ಸುಗಂಧಿ. ಮಧ್ಯಾಹ್ನ ಸ್ಕೂಟರಿನಲ್ಲಿ ಬಂದದ್ದು. ಎರಡನೇ ಡೋಸು ಬೇಕು ಅಂದ್ರು. ನಾಯಿ ಯಾರಿಗಾದ್ರೂ ಕಚ್ಚಿದೆಯಾ, ಪರಚಿದೆಯಾ ಅಂತ ಹತ್ತು ಸಲ ಕೇಳಿದ್ರು. ಹೋಗುವಾಗ ಕಾರ್ಡಿಗೆ ಒಂದು ಹಸಿರು ಚುಕ್ಕೆ ಅಂಟಿಸಿದ್ರು. ನೋಡಿ."

ಎರಡನೇ ಮನೆಯಲ್ಲೂ ಹಸಿರು ಚುಕ್ಕೆ. ಮೂರನೆಯದರಲ್ಲೂ. ಸಂತೆಕಟ್ಟೆಯ ಒಂದು ಮನೆಗೆ ಫೋನು ಮಾಡಿದರೆ ಅಲ್ಲಿಯೂ ಅದೇ ಮಾತು. ದಿನಾಂಕಗಳೆಲ್ಲ ಆಗಸ್ಟ್ 14ರ ಈಚಿನವು. ಹೊತ್ತು ಯಾವಾಗಲೂ ಒಂದರಿಂದ ಮೂರರ ಒಳಗೆ, ಚಿಕಿತ್ಸಾಲಯದ ಊಟದ ಬಿಡುವು.

ಮುದ್ದಣ್ಣ ಜೀಪನ್ನು ಚಿಕಿತ್ಸಾಲಯದ ಕಡೆ ತಿರುಗಿಸಲು ಹೇಳಿದರು. ಕಳ್ಳರನ್ನು ಹಿಡಿದು ಅವರಿಗೆ ಅಭ್ಯಾಸವಿತ್ತು. ಕದ್ದ ಪುಸ್ತಕ ಹಿಡಿದುಕೊಂಡು, ಉಣ್ಣುವ ಹೊತ್ತಿನಲ್ಲಿ ಮನೆಮನೆ ತಿರುಗುವ ಕಳ್ಳರನ್ನು ಅವರು ನೋಡಿರಲಿಲ್ಲ.

11.30ಕ್ಕೆ ಚಿಕಿತ್ಸಾಲಯಕ್ಕೆ ಬಂದಾಗ ಸುಗಂಧಿ ಇರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೂರನೇ ಸಲ ರಜೆ ಹಾಕಿದ್ದಾರೆ ಎಂದಳು ಲವಿಟಾ.

"ಮೇ 20ರಂದು ಕರೆಂಟು ಇರಲಿಲ್ಲ. ಲಸಿಕೆ ಎಲ್ಲಿತ್ತು?"

"ಸುಗಂಧಿ ಅಕ್ಕ ಮನೆಯಿಂದ ತಮ್ಮನ ಮೀನಿನ ಪೆಟ್ಟಿಗೆ ತಂದಿದ್ರು ಸರ್, ತೊಳೆದು, ತುಂಬಾ ಐಸು ಹಾಕಿ. ಸಂಜೆ ತನಕ ತಂಪು ಒಂಚೂರೂ ಕಡಿಮೆ ಆಗಲಿಲ್ಲ. ಅವರು ಮೇಲಿನಿಂದ ಉಪ್ಪು ಹಾಕಿದ್ರಲ್ಲ. ಮೀನಿಗೂ ಹಾಗೇ ಮಾಡುವುದು, ಗಟ್ಟಿ ನಿಲ್ತದೆ ಅಂದ್ರು."

ಒಳಗಿನಿಂದ ಡಾಕ್ಟರರು ಬಾಗಿಲಿಗೆ ಬಂದಿದ್ದರು. ಕೈಯಲ್ಲಿ ಗ್ಲೌಸು ಹಾಗೇ ಇತ್ತು.

"ಉಪ್ಪು ಹಾಕಿದ್ರಾ?"

"ಎರಡು ಹಿಡಿ."

ಉಪ್ಪು ಹಾಕಿದ ಐಸು ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ ಎಂದು ಡಾಕ್ಟರರೇ ವಿವರಿಸಿದರು. ಲಸಿಕೆ ಬಿಸಿಯಾದರೂ ಕೆಡುತ್ತದೆ. ಹೆಪ್ಪುಗಟ್ಟಿದರೆ ಇನ್ನೂ ಬೇಗ ಕೆಡುತ್ತದೆ. ಕರಗಿದ ಮೇಲೆ ನೋಡಲು ಮೊದಲಿನ ಹಾಗೇ ಇರುತ್ತದೆ, ಒಳಗೆ ಸತ್ವ ಇರುವುದಿಲ್ಲ.

"ನಾನು ನಲವತ್ತು ನಾಯಿಗಳಿಗೆ ನೀರು ಚುಚ್ಚಿದ್ದೇನೆ," ಎಂದರು. ಗ್ಲೌಸು ಕಳಚುತ್ತಾ, "ಕರೆಂಟು ಹೋದರೆ ಎಂತ ಮಾಡುವುದು ಅಂತ ಆ ಮೊದಲೊಮ್ಮೆ ಕೇಳಿದ್ದರು. ಅದೆಲ್ಲ ನೀವೇ ನೋಡಿಕೊಳ್ಳಿ ಅಂದಿದ್ದೆ."

ಮುದ್ದಣ್ಣ ಡೈರಿಯಲ್ಲಿ ದೂರದ ಊರುಗಳನ್ನು ಹುಡುಕಿದರು. ಊಟದ ಬಿಡುವಿನಲ್ಲಿ ಹೋಗಿ ಬರಲಾಗದ ಮನೆಗಳೆಂದರೆ ಹಿರಿಯಡ್ಕದಿಂದ ಕಾರ್ಕಳದ ಕಡೆಗಿನವು. ಒಂದೊಂದಕ್ಕೇ ಫೋನು ಮಾಡಿದರು. ನಾಲ್ಕನೇ ಮನೆಯವರು, "ಈಗ ಬಂದ್ರು ಅವರು. ನಾಯಿ ಹಿಡಿಯಲಿಕ್ಕೆ ನಮ್ಮವರು ಬರಬೇಕು, ಕಾಯ್ತಾ ಇದ್ದಾರೆ. ಫೋನು ಕೊಡಬೇಕಾ?" ಎಂದರು.

"ಬೇಡ," ಎಂದರು ಮುದ್ದಣ್ಣ. "ಚಾ ಕೊಡಿ. ನಾವು ಬರ್ತೇವೆ." ಡಾಕ್ಟರರೂ ಜೀಪು ಹತ್ತಿದರು.

*

ಮಧ್ಯಾಹ್ನ 12.50, ಹಿರಿಯಡ್ಕ. ಸುಗಂಧಿ ಜಗಲಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಸಣ್ಣ ಲಸಿಕೆ ಡಬ್ಬ, ಅದರೊಳಗೆ ಥರ್ಮಾಮೀಟರ್ ಇತ್ತು. ತೊಡೆಯ ಮೇಲೆ ನೀಲಿ ರಟ್ಟಿನ ಪುಸ್ತಕ. ಜೀಪು ನೋಡಿ ಎದ್ದು ನಿಂತರು, ಓಡಲಿಲ್ಲ.

"ಇನ್ನು ಏಳು ಉಂಟು ಸರ್," ಎಂದರು.

ಮುದ್ದಣ್ಣ ಕೈ ಚಾಚಿದರು. ಸುಗಂಧಿ ಪುಸ್ತಕ ಕೊಟ್ಟರು. ಮೇ 21ರಿಂದ ಜೂನ್ 25ರವರೆಗೆ ನಲವತ್ತೊಂದು ಸಾಲು. ಮೂವತ್ತಮೂರರ ಎದುರು ಹಸಿರು ಗುರುತು, ದಿನಾಂಕ, ಮತ್ತು ಸಣ್ಣ ಅಕ್ಷರದಲ್ಲಿ 'ಯಾರಿಗೂ ಕಚ್ಚಿಲ್ಲ'.

"ಯಾವಾಗ ಗೊತ್ತಾದದ್ದು?"

"ಆಗಸ್ಟ್ 9ಕ್ಕೆ. ಮಣಿಪಾಲದಲ್ಲಿ ಕ್ಲಿನಿಕ್ ಸಿಬ್ಬಂದಿಗೆ ಒಂದು ತರಬೇತಿ ಇತ್ತು. ಹೆಪ್ಪುಗಟ್ಟಿದ ಲಸಿಕೆ ಎಸೆಯಬೇಕು ಅಂತ ಪರದೆ ಮೇಲೆ ತೋರಿಸಿದ್ರು. ಆ ದಿನ ಸಂಜೆ ಪೆಟ್ಟಿಗೆ ತೆಗೆದಾಗ ಬಾಟಲಿಗಳೆಲ್ಲ ಕಲ್ಲಿನ ಹಾಗೆ ಆಗಿದ್ವು ಸರ್. ತಂಪು ಚೆನ್ನಾಗಿ ನಿಂತಿದೆ ಅಂತ ಖುಷಿಪಟ್ಟಿದ್ದೆ ನಾನು."

"ಚಾರ್ಟಿನಲ್ಲಿ ನಾಲ್ಕು ಡಿಗ್ರಿ ಬರೆದದ್ದು?"

"ಪೆಟ್ಟಿಗೆಯಲ್ಲಿ ಥರ್ಮಾಮೀಟರ್ ಇರಲಿಲ್ಲ. ಖಾಲಿ ಬಿಟ್ಟರೆ ಚಂದ ಕಾಣುವುದಿಲ್ಲ ಅಂತ."

"ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

ಸುಗಂಧಿ ಡಾಕ್ಟರರ ಕಡೆ ನೋಡಲಿಲ್ಲ. "ಹೇಳುವ ಅಂತ ಮೂರು ಸಲ ಬಾಗಿಲ ತನಕ ಹೋದೆ. ಒಳಗೆ ಯಾವಾಗಲೂ ಒಂದು ನಾಯಿ ಮೇಜಿನ ಮೇಲೆ. ಹೊಸ ಲಸಿಕೆ ತರಿಸಿ ಎಲ್ಲ ಸರಿಮಾಡಿಯೇ ಹೇಳಿದರಾಯ್ತು ಅಂದುಕೊಂಡೆ. ಇಷ್ಟು ವರ್ಷ ಹಾಗೇ ಮಾಡಿದ್ದು. ಸರಿಮಾಡಿದ ಮೇಲೆ ಹೇಳುವುದು."

"ಆರೋಗ್ಯಾಧಿಕಾರಿಯ ಪತ್ರ ಬಂದ ಮೇಲೆ?"

"ಆಗಲೇ ಸರ್ ನನಗೆ ಸುಂದರಿಯವರ ಹೆಸರು ಗೊತ್ತಾದದ್ದು." ಸ್ವರ ಮೊದಲ ಬಾರಿಗೆ ಒಡೆಯಿತು. "ಪುಸ್ತಕ ಕೊಟ್ಟರೆ ನನ್ನನ್ನು ಕೂಡಲೇ ನಿಲ್ಲಿಸ್ತೀರಿ. ಇನ್ನೂ ಏಳು ನಾಯಿ ಹೊರಗೆ ಉಂಟು. ಅದಕ್ಕೆ ಕಳವು ಅಂತ ಬರೆದೆ. ಎರಡು ದಿನ ಸಿಕ್ಕಿದರೆ ಮುಗಿಸುವ ಅಂತ."

"ನಿಮಗೆ ಚುಚ್ಚುವ ಅಧಿಕಾರ ಇಲ್ಲ. ಗೊತ್ತುಂಟಲ್ಲ?"

"ಗೊತ್ತುಂಟು."

ಮುದ್ದಣ್ಣ ಹೊಸ ಕಲಂಗಳನ್ನು ಆಗಲೇ ಲೆಕ್ಕ ಹಾಕಿದ್ದರು. ನಿರ್ಲಕ್ಷ್ಯದಿಂದ ಮಾರಕ ರೋಗ ಹರಡುವಂತೆ ಮಾಡಿದ್ದು. ಸುಂದರಿಗೆ ಏನಾದರೂ ಆದರೆ ಇನ್ನೂ ದೊಡ್ಡದು. ಆದರೆ ಪುಸ್ತಕದ ವಿಳಾಸಗಳನ್ನು ನೋಡಿದರೆ 'ಬೋರ್ಡ್ ಇಲ್ಲದ ಗೇಟು, ಗೇರುಮರ', 'ಸೊಸೈಟಿ ಹಿಂದೆ, ಎರಡನೇ ಇಳಿಜಾರು' ಎಂದಿತ್ತು. ಅಲ್ಲಿಗೆ ಹೋಗಿ ಮುಟ್ಟಲು ಬರೆದವರೇ ಬೇಕಿತ್ತು.

"ಹತ್ತಿ," ಎಂದರು. "ದಾರಿ ತೋರಿಸಿ."

ಡಾಕ್ಟರರು ಬಗ್ಗಿ ಡಬ್ಬದಿಂದ ಸಿರಿಂಜು ತೆಗೆದುಕೊಂಡರು. ಮನೆಯವರು ನಾಯಿಯ ತಲೆ ಹಿಡಿದರು. ಚುಚ್ಚಿದ್ದಾಯಿತು. ಸುಗಂಧಿ ಪುಸ್ತಕ ಕೇಳಿ ಪಡೆದು ಹಸಿರು ಗುರುತು ಹಾಕಿ, ವಾಪಸು ಕೊಟ್ಟರು.

ಆ ಮಧ್ಯಾಹ್ನ ಜೀಪು ಕಾರ್ಕಳದ ದಾರಿಯ ಓಣಿಗಳಲ್ಲೆಲ್ಲ ತಿರುಗಿತು. ಮುಂದೆ ಸುಗಂಧಿ 'ಎಡಕ್ಕೆ, ಈಗ ಬಲಕ್ಕೆ' ಎನ್ನುತ್ತಿದ್ದರು. ಮನೆಮನೆಯಲ್ಲೂ ಡಾಕ್ಟರರೇ ಚುಚ್ಚಿದರು. ಒಂದು ಮನೆಯಲ್ಲಿ 'ಮೊನ್ನೆ ಆಟ ಆಡುವಾಗ ಇದು ನನ್ನ ಕೈಗೆ ಹಲ್ಲು ತಾಗಿಸಿದೆ, ರಕ್ತ ಬರಲಿಲ್ಲ' ಎಂದು ಒಬ್ಬ ಅಜ್ಜ ಹೇಳಿದಾಗ, ಅವರು ಅಜ್ಜನ ಕೈಹಿಡಿದು ನಲ್ಲಿಯ ಹತ್ತಿರ ಒಯ್ದು ಸೋಪು ಹಾಕಿ ಹದಿನೈದು ನಿಮಿಷ ತೊಳೆದರು. ರೇಚಲ್ ಆ ಹೊತ್ತಿಗೆ ಒಂದು ರಿಕ್ಷಾ ಮಾಡಿ ಅಜ್ಜನನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಅಜ್ಜನನ್ನು ಕರೆತರಲು ನಾಯಿಯ ಹತ್ತಿರವೇ ಹೋಗಬೇಕಾಗಿತ್ತು. ಹೋದರು.

4.40ಕ್ಕೆ ವಿಜೇತಾಳ ಫೋನು ಬಂದಾಗ ಆರನೇ ನಾಯಿಯ ಅಂಗಳದಲ್ಲಿದ್ದರು. ರೇಚಲ್ ಕೇಳಿಸಿಕೊಂಡು, 'ಹೂಂ, ಹೂಂ ಮಗಾ' ಎಂದಷ್ಟೇ ಹೇಳಿ, ಮುದ್ದಣ್ಣನವರ ಹತ್ತಿರ ಬಂದು ಮೆಲ್ಲಗೆ ಹೇಳಿದರು. ಸುಗಂಧಿಗೆ ಕೇಳಿಸಲಿಲ್ಲ. ಆದರೆ ಮುಖಗಳನ್ನು ನೋಡಿದರು.

"ಹೋದ್ರಾ?"

ರೇಚಲ್ ಹೌದೆಂದು ತಲೆಯಾಡಿಸಿದರು. ಸುಗಂಧಿ ಅಂಗಳದ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಒಂದೆರಡು ನಿಮಿಷ ಕಳೆದು ತಾವೇ ಎದ್ದು, "ಇನ್ನೊಂದು ಉಂಟು. ಕತ್ತಲಾದರೆ ಆ ನಾಯಿಯನ್ನು ಬಿಡ್ತಾರೆ," ಎಂದರು.

*

ಕೊನೆಯ ನಾಯಿಯ ಕೆಲಸ ಮುಗಿದಾಗ 5.35. ರೇಚಲ್ ಗಡಿಯಾರ ನೋಡಿದರು.

"ಸರ್, ಹೆಂಗಸರನ್ನು ಬಂಧಿಸುವುದಾದರೆ ಸೂರ್ಯ ಮುಳುಗುವ ಮೊದಲು ಆಗಬೇಕು. ಇಲ್ಲದಿದ್ದರೆ ನಾಳೆ ಬೆಳಿಗ್ಗೆ."

ನಾಳೆ ಎನ್ನಲು ಮುದ್ದಣ್ಣನವರಿಗೆ ಮನಸ್ಸಿತ್ತು. ಮಂಚದ ಕೆಳಗೆ ಬಾಟಲಿ ಅಡಗಿಸಿಟ್ಟ ಹುಡುಗಿಯ ನೆನಪಾಯಿತು. ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು ಬಂಧನದ ಮೆಮೊ ಬರೆದರು. ಸಮಯ 5.50. ಸುಗಂಧಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

"ಸರ್, ತಂದೆಯ ಹೆಸರಿನ ಜಾಗ ಖಾಲಿ ಉಂಟು," ಎಂದು ಹೇಳಿ, ತುಂಬಿಸಿ, ಸಹಿ ಹಾಕಿದರು. ತಮ್ಮನಿಗೆ ವಿಷಯ ತಿಳಿಸಲು ರೇಚಲ್ ಫೋನು ಕೊಟ್ಟರು.

ಡಾಕ್ಟರರು ರಸ್ತೆಯ ಆಚೆ ನಿಂತಿದ್ದರು. "ನನ್ನ ಮೇಲೆ?" ಎಂದು ಕೇಳಿದರು.

"ಸೋಮವಾರ ಹೇಳಿಕೆಗೆ ಬನ್ನಿ," ಎಂದರು ಮುದ್ದಣ್ಣ. "ಯಾವುದಕ್ಕೆಲ್ಲ ಸಹಿ ಹಾಕಿದ್ದೀರಿ ಅಂತ ಈ ಎರಡು ದಿನ ಕೂತು ನೆನಪು ಮಾಡಿಕೊಳ್ಳಿ. ಈ ಸಲ ಅವರನ್ನು ಕೇಳಲಿಕ್ಕೆ ಆಗುದಿಲ್ಲ."

ಶನಿವಾರ ಬೆಳಿಗ್ಗೆ ಸುಗಂಧಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿ ಬಂದು ಮುದ್ದಣ್ಣ ಕೇಸ್ ಡೈರಿ ಬರೆಯಲು ಕುಳಿತರು. ಕಾರಣ ಬರೆಯುವ ಕಡೆ ಪೆನ್ನು ನಿಂತಿತು. ದುರಾಸೆ ಅಲ್ಲ. ದ್ವೇಷ ಅಲ್ಲ. ಹೆದರಿಕೆ ಎಂದು ಬರೆದು ಹೊಡೆದು ಹಾಕಿದರು. ಎಲ್ಲವನ್ನೂ ತಾನೇ, ಸದ್ದಿಲ್ಲದೆ ಸರಿಮಾಡಬೇಕೆಂಬ ಅಭ್ಯಾಸ ಅದು. ಕೆಲಸದ ಜಾಗದಲ್ಲಿ ಎಲ್ಲರೂ ಹೊಗಳುವುದು ಅದನ್ನೇ. ಆಗಸ್ಟ್ 10ಕ್ಕೆ ಒಂದು ರಿಕ್ಷಾಕ್ಕೆ ಮೈಕು ಕಟ್ಟಿ ಊರಿಡೀ ಕೂಗಿಸಿದ್ದರೆ ಸಾಕಿತ್ತು. ಸುಂದರಿಗೆ ಆಗ ಇನ್ನೂ ನಾಲ್ಕು ವಾರ ಇತ್ತು.

ಮುದ್ದಣ್ಣ ಪುಸ್ತಕ ತೆರೆದು ಆ ನಲವತ್ತೊಂದರಲ್ಲಿ ಹದಿನೇಳನೇ ಸಾಲು ನೋಡಿದರು. ಬ್ರೂನೋ, ಒಂದು ವರ್ಷ, ಮೊದಲ ಲಸಿಕೆ, ಜೂನ್ 12. ಹಸಿರು ಗುರುತು ಇರಲಿಲ್ಲ. 'ಸತ್ತಿದೆ' ಎಂದಿತ್ತು. ಅದರ ಕೆಳಗೆ ಅದೇ ಅಂದವಾದ ಅಕ್ಷರದಲ್ಲಿ: 'ಯಾರಿಗಾದರೂ ಕಚ್ಚಿದ್ದಾನಾ? ಕೇಳಬೇಕು. ಫೋನು ಸಿಗುವುದಿಲ್ಲ. ಆ. 18, ಮಧ್ಯಾಹ್ನ 1.30, ಮನೆ ಬೀಗ. ಆ. 21, ಮಧ್ಯಾಹ್ನ 1.30, ಮನೆ ಬೀಗ. ಆ. 27, ಮಧ್ಯಾಹ್ನ 1.30, ಮನೆ ಬೀಗ.'

ಪಕ್ಕದ ಮನೆಯಲ್ಲಿ ಕೇಳಿದ್ದರ ಗುರುತು ಎಲ್ಲೂ ಇರಲಿಲ್ಲ. ಕೇಳಿದ್ದರೆ ವಿಷಯ ಹೊರಗೆ ಬರುತ್ತಿತ್ತು.

ಆ ಮೂರು ದಿನವೂ ಬೆಳಿಗ್ಗೆ ಹನ್ನೊಂದಕ್ಕೆ ಸುಂದರಿ ಹೂವಿನ ಬುಟ್ಟಿ ಹಿಡಿದು ಅದೇ ಗೇಟಿನ ಮುಂದೆ ನಡೆದುಹೋಗಿದ್ದರು.